ಪಟ್ಟಿಯಲ್ಲಿ 86, ಬಂದವರು 88

ಕೊರಿಯಾ ಯುದ್ಧ ಮುಗಿದ ಮೇಲೆ, ಸ್ವದೇಶಕ್ಕೂ ಮರಳದೆ ಸೆರೆಹಿಡಿದವರ ಬಳಿಯೂ ಉಳಿಯದೆ ಭಾರತಕ್ಕೆ ಬಂದ ಕೈದಿಗಳು ಎಷ್ಟು ಮಂದಿ? ಕೆಲವು ಬರಹಗಳು 86 ಎನ್ನುತ್ತವೆ, ಕೆಲವು 88. ಕುರುಬರಹಳ್ಳಿಯ ಮನೆಯಲ್ಲಿ ಕೂತು ಜನರಲ್ ಕೆ. ಎಸ್. ತಿಮ್ಮಯ್ಯನವರ ಕೊರಿಯಾ ದಿನಗಳ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ನನಗೆ ಆ ಇಬ್ಬರು ಯಾರೆಂದು ತಿಳಿಯದೆ ಮುಂದೆ ಹೋಗಲಾಗಲಿಲ್ಲ.

1953ರ ಜುಲೈ 27ರಂದು ಕದನವಿರಾಮವಾಯಿತು. ಊರಿಗೆ ಹೋಗಲು ಒಪ್ಪದ ಕೈದಿಗಳ ಹೊಣೆ ಭಾರತ, ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾಗಳ ತಟಸ್ಥ ಆಯೋಗಕ್ಕೆ ಬಂತು. ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯ ಅದರ ಅಧ್ಯಕ್ಷರು. ಕಾವಲಿಗಿದ್ದದ್ದು ಮೇಜರ್ ಜನರಲ್ ಎಸ್. ಪಿ. ಪಿ. ಥೋರಾಟ್ ಅವರ ಭಾರತೀಯ ಪಡೆ.

ಮೊದಲು ತೆರೆದದ್ದು ತಿಮ್ಮಯ್ಯನವರ ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’. ಅವರು ಸೈಪ್ರಸ್‌ನಲ್ಲಿ ತೀರಿಕೊಂಡದ್ದು 1965ರಲ್ಲಿ. ಪುಸ್ತಕ ಹೊರಬಂದದ್ದು 1981ರಲ್ಲಿ. ಅದು ಮರಣೋತ್ತರ ಪುಸ್ತಕವಾದ್ದರಿಂದ ಲೆಕ್ಕಕ್ಕಾಗಿ ವಾಲ್ಟರ್ ಹರ್ಮ್ಸ್ ಬರೆದ ಅಮೆರಿಕ ಸೇನೆಯ ಅಧಿಕೃತ ಇತಿಹಾಸದ ಅನುಬಂಧಕ್ಕೆ ಹೋದೆ. ವಿಶ್ವಸಂಸ್ಥೆಯ ಪಡೆ ಭಾರತೀಯರಿಗೆ ಒಪ್ಪಿಸಿದ ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು 22,604. ಮನಸ್ಸು ಬದಲಿಸಿ ಊರಿಗೆ ಹೋದವರು 628, ವಿಶ್ವಸಂಸ್ಥೆಯ ಕಡೆಗೆ ಮರಳಿದವರು 21,839, ಸತ್ತವರು 38, ತಪ್ಪಿಸಿಕೊಂಡವರು ಇಲ್ಲವೇ ಕಾಣೆಯಾದವರು 13. ಭಾರತಕ್ಕೆಂದು ಉಳಿದವರು 86: 74 ಕೊರಿಯನ್ನರು, 12 ಚೀನೀಯರು. ಕೂಡಿ ನೋಡಿದೆ, ಒಬ್ಬರೂ ಹೆಚ್ಚುಕಡಿಮೆಯಿಲ್ಲ. ಹಾಗಿದ್ದರೆ 88 ಎಲ್ಲಿಂದ ಬಂತು?

ಉತ್ತರ ಎದುರು ಪಾಳೆಯದ ಪಟ್ಟಿಯಲ್ಲಿತ್ತು. ಕಮ್ಯುನಿಸ್ಟರು ಒಪ್ಪಿಸಿದ 359 ಜನರಲ್ಲಿ 335 ದಕ್ಷಿಣ ಕೊರಿಯನ್ನರು, 23 ಅಮೆರಿಕನ್ನರು, ಒಬ್ಬ ಬ್ರಿಟಿಷ್. ಅವರಲ್ಲಿ 347 ಮಂದಿ ಕಮ್ಯುನಿಸ್ಟರ ಕಡೆಗೇ ಹೋದರು, 10 ಮಂದಿ ತಮ್ಮವರ ಬಳಿಗೆ ಮರಳಿದರು. ಉಳಿದ ಇಬ್ಬರು ದಕ್ಷಿಣ ಕೊರಿಯನ್ನರು ಭಾರತವನ್ನು ಆರಿಸಿಕೊಂಡರು.

86 ಎಂದಷ್ಟೇ ಬರೆದರೆ, ಕಮ್ಯುನಿಸ್ಟ್ ಆಡಳಿತ ಬೇಡವೆಂದವರು ಮಾತ್ರ ಇಲ್ಲಿಗೆ ಬಂದರೆಂದು ಓದುಗರು ತಿಳಿಯುತ್ತಾರೆ. ಆ ಇಬ್ಬರು ಸೇರಿದಾಗ ಕಥೆಯೇ ಬದಲಾಗುತ್ತದೆ: ಎರಡೂ ಪಾಳೆಯಗಳಿಂದ ಬೇಸತ್ತವರಿದ್ದರು. ಕೊರಿಯಾದ ಕಾದಂಬರಿಕಾರ ಚೊಯಿ ಇನ್-ಹುನ್ 1960ರ ‘ಗ್ವಾಂಗ್‌ಜಾಂಗ್’ ಕಾದಂಬರಿಯಲ್ಲಿ ಎದುರಿಸಿದ್ದು ಇದನ್ನೇ. ಅದರ ನಾಯಕ ಉತ್ತರ, ದಕ್ಷಿಣ ಎರಡನ್ನೂ ಬಿಟ್ಟು ತಟಸ್ಥ ದೇಶಕ್ಕೆ ಹಡಗು ಹತ್ತುತ್ತಾನೆ.

ಬೇಡವಾದ ಸಂಗತಿಯನ್ನೂ ಬಿಡದೆ ಬರೆದಿಡುವ ನಿಷ್ಠೆ ಕೊರಿಯಾದಲ್ಲಿ ಹಳೆಯದು. 1404ರಲ್ಲಿ ದೊರೆ ಥೇಜೊಂಗ್ ಬೇಟೆಯಲ್ಲಿ ಕುದುರೆಯಿಂದ ಬಿದ್ದು, ಇದು ಚರಿತ್ರೆಕಾರನಿಗೆ ಗೊತ್ತಾಗಬಾರದು ಎಂದ. ಕನ್ಫ್ಯೂಷಿಯನ್ ಶಿಸ್ತಿನಲ್ಲಿ ಬೆಳೆದ ಚರಿತ್ರೆಕಾರರು ಅವನು ಬಿದ್ದದ್ದನ್ನೂ ಆ ಮಾತನ್ನೂ ರಾಜವಂಶದ ಚರಿತ್ರೆಯಲ್ಲಿ ಉಳಿಸಿದರು. ತಿಮ್ಮಯ್ಯನವರ ನಾಡಿನ ನಾವೂ ಈ ಕೈದಿಗಳ ಅಧ್ಯಾಯ ಬರೆಯುವಾಗ ಅದೇ ನಿಷ್ಠೆಯಿಂದ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಬರೆಯಬೇಕು. ಒಂದೇ ಪಾಳೆಯದ ಪಟ್ಟಿ ಹಿಡಿದು ತಟಸ್ಥ ಆಯೋಗದ ಚರಿತ್ರೆ ಬರೆಯಲಾಗದು.