ಐಪಿ ವಿಳಾಸ ಹಂಚಿಕೆಯ ವರ್ಗಗಳು

ಐಪಿ ವಿಳಾಸ ಹಂಚಿಕೆಯ ವರ್ಗಗಳು ಎಂದರೆ ಅಂತರಜಾಲದಲ್ಲಿ ಗಣಕ, ಮೊಬೈಲ್ ಮೊದಲಾದ ಸಾಧನಗಳನ್ನು ಗುರುತಿಸುವ ಸಂಖ್ಯೆಗಳನ್ನು ಯಾರು, ಯಾರಿಂದ, ಯಾವ ಷರತ್ತಿನ ಮೇಲೆ ಪಡೆದಿದ್ದಾರೆ ಎಂಬುದನ್ನು ಸೂಚಿಸುವ ವಿಭಾಗಗಳು. ಈ ವಿಳಾಸಗಳು ಯಾರ ಆಸ್ತಿಯೂ ಅಲ್ಲ; ಅಗತ್ಯವನ್ನು ತೋರಿಸಿದವರಿಗೆ ಬಳಕೆಗಾಗಿ ಮಾತ್ರ ನೀಡಲ್ಪಡುತ್ತವೆ. ಆದುದರಿಂದ ವರ್ಗದ ಹೆಸರಿನಲ್ಲಿಯೇ ಬಳಕೆದಾರನ ಹಕ್ಕು ಮತ್ತು ಮಿತಿ ಅಡಗಿವೆ.

ಅಂಚೆಯ ಪಿನ್‌ಕೋಡ್‌ನೊಂದಿಗೆ ಹೋಲಿಸಿದರೆ ವಿಷಯ ಬೇಗ ಮನದಟ್ಟಾಗುತ್ತದೆ. ಅರಸೀಕೆರೆಯ ಪಿನ್‌ಕೋಡ್ 573103, ಬೇಲೂರಿನದು 573115, ಹಳೇಬೀಡಿನದು 573121. ಮೂರರಲ್ಲಿಯೂ ಮೊದಲ ಮೂರು ಅಂಕಿಗಳು ಒಂದೇ. ಐಪಿ ವಿಳಾಸದಲ್ಲಿಯೂ ಹೀಗೆಯೇ ಮೊದಲ ಭಾಗವು ದೊಡ್ಡ ಗುಂಪನ್ನೂ ಉಳಿದ ಭಾಗವು ಅದರೊಳಗಿನ ಸಾಧನವನ್ನೂ ಸೂಚಿಸುತ್ತದೆ. ಸಾಮ್ಯ ಇಲ್ಲಿಗೇ ಮುಗಿಯುತ್ತದೆ. ಪಿನ್‌ಕೋಡ್ ನೆಲಕ್ಕೆ ಸೇರಿದ್ದು. ಐಪಿ ವಿಳಾಸ ಅದನ್ನು ಪಡೆದ ಸಂಸ್ಥೆಗೆ ಸೇರಿದ್ದು. ಬೇಲೂರಿನಲ್ಲಿ ಕುಳಿತು ಜಾಲತಾಣವನ್ನು ತೆರೆದವನನ್ನು ಅದು ಬೆಂಗಳೂರಿನವನೆಂದು ತಿಳಿಯುವುದು ಇದರಿಂದಲೇ.

ಹಿನ್ನೆಲೆ

1981ರಲ್ಲಿ ನಿಗದಿಯಾದ ಐಪಿವಿ4 ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಿವೆ. ಆರಂಭದಲ್ಲಿ ಇವನ್ನು ಗಾತ್ರಕ್ಕೆ ಅನುಗುಣವಾಗಿ ವಿಂಗಡಿಸಲಾಗಿತ್ತು. 'ಎ' ದರ್ಜೆಯ ಒಂದು ಜಾಲಕ್ಕೆ 1,67,77,216, 'ಬಿ' ದರ್ಜೆಗೆ 65,536, 'ಸಿ' ದರ್ಜೆಗೆ 256 ವಿಳಾಸಗಳು. ಮುನ್ನೂರು ವಿಳಾಸ ಬೇಕಾದವರಿಗೆ 'ಸಿ' ಸಾಲದು, 'ಬಿ' ವಿಪರೀತ. ಈ ಪೋಲನ್ನು ತಡೆಯಲು 1993ರಲ್ಲಿ ದರ್ಜೆಗಳನ್ನು ಕೈಬಿಟ್ಟು, ಬೇಕಾದ ಅಳತೆಗೆ ತುಂಡರಿಸುವ ಕ್ರಮವನ್ನು ತರಲಾಯಿತು. ಹಳೆಯ ಪಠ್ಯಪುಸ್ತಕಗಳಲ್ಲಿ ದರ್ಜೆಗಳ ಪಾಠ ಇನ್ನೂ ಕಾಣಸಿಗುವುದರಿಂದ ವಿದ್ಯಾರ್ಥಿಗಳು ಅದನ್ನು ಇಂದಿನ ನಿಯಮವೆಂದು ಭಾವಿಸಬಾರದು.

ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿತ್ತು. ಅರ್ನೆಟ್‌ಗೆ ದೊರೆತ, 144.16 ಎಂದು ಆರಂಭವಾಗುವ ವಿಳಾಸಗಳು 'ಬಿ' ದರ್ಜೆಯ ಕಾಲದವು. ಇಂದಿನ ಪ್ರಾದೇಶಿಕ ನೋಂದಣಿ ವ್ಯವಸ್ಥೆ ನೆಲೆಗೊಳ್ಳುವ ಮೊದಲು ವಿತರಣೆಯಾದ ಇಂತಹ ವಿಳಾಸಗಳನ್ನು ಐತಿಹಾಸಿಕ ವಿಳಾಸಗಳೆಂಬ ಪ್ರತ್ಯೇಕ ವರ್ಗಕ್ಕೆ ಸೇರಿಸುತ್ತಾರೆ.

ವಿತರಣೆಯ ಶ್ರೇಣಿಯಲ್ಲಿ ಮೇಲಿರುವುದು ಅಯಾನಾ. ಅದರ ಕೆಳಗೆ ಏಷ್ಯಾ-ಪೆಸಿಫಿಕ್ ವಲಯಕ್ಕೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಏಪ್ನಿಕ್, ಅದರಡಿ ಭಾರತಕ್ಕೆ 2012ರಲ್ಲಿ ಆರಂಭವಾದ ಐರಿನ್. ಐರಿನ್ ಸಂಸ್ಥೆಯು ನಿಕ್ಸಿಯ ಅಂಗವಾಗಿದೆ.

ಮರುಹಂಚಿಕೆ ಮತ್ತು ಸ್ವಂತ ಬಳಕೆ

ನೀತಿಯ ಮುಖ್ಯ ಭೇದ ಇದು. 'ಅಲೊಕೇಟೆಡ್' ಎಂದು ದಾಖಲಾದ ವಿಳಾಸಗಳನ್ನು ಪಡೆದವರು ಇತರರಿಗೆ ಮರುಹಂಚಿಕೆ ಮಾಡಬಹುದು. 'ಅಸೈನ್ಡ್' ಎಂದು ದಾಖಲಾದವನ್ನು ತಾವು ನಡೆಸುವ ಜಾಲದಲ್ಲಿ ಮಾತ್ರ ಬಳಸಬೇಕು. ಅರಸೀಕೆರೆಯಲ್ಲಿ ಒಬ್ಬ ಸಣ್ಣ ಸೇವಾದಾರನಿದ್ದಾನೆಂದು ಭಾವಿಸೋಣ. ಮೊದಲ ವರ್ಗದ ವಿಳಾಸಗಳಿದ್ದರೆ ಅವನು ಊರಿನ ಕಾಲೇಜಿಗೆ ಒಂದು ಭಾಗವನ್ನು ಕೊಡಬಹುದು. ಎರಡನೆಯ ವರ್ಗದವಾದರೆ ಕೊಡುವಂತಿಲ್ಲ.

ಮೇಲ್ನೋಟಕ್ಕೆ ಸ್ಪಷ್ಟವಾದ ಈ ವ್ಯಾಖ್ಯೆಯೂ ತೊಡಕಿಗೆ ಎಡೆಮಾಡಿತು. ಹಳೇಬೀಡಿನ ವಸತಿಗೃಹವೊಂದು ತನ್ನ ಬಳಕೆಗೆಂದು ವಿಳಾಸಗಳನ್ನು ಪಡೆದಿದ್ದು, ದೇವಾಲಯ ನೋಡಲು ಬಂದ ಪ್ರವಾಸಿಗೆ ವೈಫೈ ನೀಡಿದರೆ ಅವನ ಮೊಬೈಲಿಗೂ ಅದರಿಂದ ಒಂದು ವಿಳಾಸ ಹೋಗುತ್ತದೆ. ಇದು ನಿಷಿದ್ಧವಾದ ಮರುಹಂಚಿಕೆಯೇ? ಅಕ್ಷರಶಃ ಓದಿದರೆ ಹೌದೆನ್ನಬೇಕಾಗಿತ್ತು. ಯುರೋಪಿನ ನೋಂದಣಿ ಸಂಸ್ಥೆಯಾದ ರೈಪ್ 2018ರಲ್ಲಿ ತನ್ನ ಐಪಿವಿ6 ನೀತಿಯಲ್ಲಿ ಇದಕ್ಕೆ ಉತ್ತರವನ್ನು ಸೇರಿಸಿತು: ತಾನೇ ನಡೆಸುವ ಸಂಪರ್ಕದಲ್ಲಿ ಇತರರಿಗೆ ಬಿಡಿ ವಿಳಾಸಗಳನ್ನು ಒದಗಿಸುವುದು ಮರುಹಂಚಿಕೆಯಲ್ಲ, ವಿಳಾಸಗಳ ಗುಂಪನ್ನೇ ಬಿಟ್ಟುಕೊಡುವುದು ಮರುಹಂಚಿಕೆ.

ಒಯ್ಯಬಹುದಾದವು ಮತ್ತು ಒಯ್ಯಲಾಗದವು

ನೋಂದಣಿ ಸಂಸ್ಥೆಯಿಂದ ನೇರವಾಗಿ ಪಡೆದ ವಿಳಾಸಗಳು 'ಪೋರ್ಟಬಲ್'. ಸೇವಾದಾರನನ್ನು ಬದಲಿಸಿದರೂ ಉಳಿಯುತ್ತವೆ. ಸೇವಾದಾರನಿಂದ ಪಡೆದವು 'ನಾನ್-ಪೋರ್ಟಬಲ್'. ಸಂಬಂಧ ಮುಗಿದಾಗ ಹಿಂತಿರುಗಿಸಬೇಕು. ಬಾಡಿಗೆ ಮನೆ ಬಿಟ್ಟವನು ಬಾಗಿಲ ಸಂಖ್ಯೆಯನ್ನು ಜೊತೆಗೆ ಒಯ್ಯಲಾರನಷ್ಟೆ. ಎರಡನೆಯ ಬಗೆಯವನ್ನು ಆಶ್ರಯಿಸಿದ ಕಾಲೇಜು ಸೇವಾದಾರನನ್ನು ಬದಲಿಸಿದರೆ ಸರ್ವರ್, ಫೈರ್‌ವಾಲ್ ಮುಂತಾದವುಗಳ ವಿಳಾಸಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಈ ವರ್ಗವನ್ನು ಕೇಳಿ ತಿಳಿಯುವುದು ಲೇಸು. ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಯಾರು ಬೇಕಾದರೂ ಅದನ್ನು ನೋಡಬಹುದು.

ಅಭಾವ ಮತ್ತು ಹಂಚಿಕೊಂಡ ವಿಳಾಸಗಳು

2011ರ ಫೆಬ್ರುವರಿ 3ರಂದು ಅಯಾನಾದ ಐಪಿವಿ4 ಭಂಡಾರ ಬರಿದಾಯಿತು. ಅದೇ ವರ್ಷ ಏಪ್ರಿಲ್ 15ರಂದು ಏಪ್ನಿಕ್ ತನ್ನ ಕೊನೆಯ ದೊಡ್ಡ ಗುಂಪನ್ನು, ಅಂದರೆ 103ರಿಂದ ಆರಂಭವಾಗುವ ವಿಳಾಸಗಳನ್ನು, ಮಿತವಾಗಿ ಹಂಚತೊಡಗಿತು. ಒಂದು ಸಂಸ್ಥೆಗೆ ಅದರಿಂದ 1,024 ವಿಳಾಸಗಳ ಮಿತಿ ಹಾಕಲಾಯಿತು. 2019ರಲ್ಲಿ ಅದು 512ಕ್ಕೆ ಇಳಿಯಿತು. ತಡವಾಗಿ ಬಂದವರಿಗೆ ಸಿಗುವುದು ಇಷ್ಟೇ.

ಮನೆ, ಕಚೇರಿಗಳ ಒಳಬಳಕೆಗೆ 10, 172.16ರಿಂದ 172.31ರವರೆಗೆ ಮತ್ತು 192.168 ಎಂದು ಆರಂಭವಾಗುವ ಖಾಸಗಿ ವಿಳಾಸಗಳು 1990ರ ದಶಕದಿಂದಲೇ ಮೀಸಲಾಗಿವೆ. 2012ರಲ್ಲಿ ಸೇವಾದಾರರಿಗಾಗಿ ಮತ್ತೊಂದು ವರ್ಗ ಸೇರಿತು: 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳು. ಇವುಗಳ ಮೂಲಕ ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲಿಸಬಹುದು. ಒಬ್ಬನ ತಪ್ಪಿಗಾಗಿ ಜಾಲತಾಣವು ಆ ವಿಳಾಸವನ್ನು ತಡೆದರೆ ಅದನ್ನು ಹಂಚಿಕೊಂಡ ನಿರಪರಾಧಿಗಳೂ ಹೊರಗುಳಿಯುತ್ತಾರೆ. ತಪ್ಪಿತಸ್ಥನನ್ನು ಪತ್ತೆಹಚ್ಚಲು ವಿಳಾಸವೊಂದೇ ಸಾಲದೆ, ಸಮಯ ಮತ್ತು ಪೋರ್ಟ್ ಸಂಖ್ಯೆಗಳೂ ಬೇಕಾಗುತ್ತವೆ.

ಐಪಿವಿ6

128 ಬಿಟ್‌ಗಳ ಐಪಿವಿ6 ಪದ್ಧತಿಯಲ್ಲಿ ಅಭಾವವಿಲ್ಲದಿದ್ದರೂ ವರ್ಗಗಳು ಉಳಿದಿವೆ. ಸೇವಾದಾರನಿಗೆ ಸಾಮಾನ್ಯವಾಗಿ ದೊರೆಯುವ '/32' ಗುಂಪಿನಲ್ಲಿ 65,536 ಸಂಸ್ಥೆಗಳಿಗೆ ತಲಾ ಒಂದು '/48' ಗುಂಪನ್ನು ಕೊಡಬಹುದು. ಅವುಗಳಲ್ಲಿ ಒಂದನ್ನು ಪಡೆದ ಸಂಸ್ಥೆ ಸೇವಾದಾರನನ್ನು ಬಿಟ್ಟರೆ, ಐಪಿವಿ4ರಲ್ಲಿದ್ದಂತೆಯೇ ಅದನ್ನು ಹಿಂತಿರುಗಿಸಬೇಕು.