ನಿವೇಶನ ಹೂಡಿಕೆ (ತುಮಕೂರು, ಗುಬ್ಬಿ, ಕುಣಿಗಲ್)

ತುಮಕೂರು ನಗರ ಹಾಗೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಮರುಮಾರಾಟಕ್ಕೋ ಬಾಡಿಗೆ ವರಮಾನಕ್ಕೋ ಸೈಟು, ಜಮೀನು, ಕಟ್ಟಡ ಕೊಳ್ಳುವ ವಹಿವಾಟು. ಹೊಸದಾಗಿ ಇಳಿಯುವವರಿಗೆ ಎರಡು ಆಸರೆಗಳಿವೆ: ಪರಿಚಯ ಮತ್ತು ಸಾಲ. ಯಾವ ಜಮೀನು ಮಾರಾಟಕ್ಕಿದೆ ಎಂಬುದು ಪರಿಚಯದವರಿಂದ ತಿಳಿಯುತ್ತದೆ. ಅದರ ಕಾಗದಪತ್ರ ಗಟ್ಟಿಯೇ ಎಂಬುದು ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಬಯಲಾಗುತ್ತದೆ.

ಹಿನ್ನೆಲೆ

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ತುಮಕೂರಿಗೆ ರಾಷ್ಟ್ರೀಯ ಹೆದ್ದಾರಿ 48, ಕುಣಿಗಲ್‌ಗೆ ಹೆದ್ದಾರಿ 75 ಇದೆ. ಎರಡೂ ನೆಲಮಂಗಲದಲ್ಲಿ ಕವಲೊಡೆಯುತ್ತವೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಮತ್ತು ಅಲ್ಲಿ 2014ರಲ್ಲಿ ಆರಂಭವಾದ ಫುಡ್ ಪಾರ್ಕ್, 2016ರಲ್ಲಿ ತುಮಕೂರಿಗೆ ದೊರೆತ ಸ್ಮಾರ್ಟ್ ಸಿಟಿ ಯೋಜನೆ ಬೇಡಿಕೆ ಹೆಚ್ಚಿಸಿದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಉದ್ಘಾಟನೆ 2023ರ ಫೆಬ್ರುವರಿ 6ರಂದು. ನಡುವೆ ಕಳೆದದ್ದು ಏಳು ವರ್ಷ. ಶಂಕುಸ್ಥಾಪನೆಯ ಸುದ್ದಿ ನಂಬಿ ಬಡ್ಡಿ ಸಾಲದಲ್ಲಿ ಜಾಗ ಹಿಡಿಯುವವರು ಈ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತುಮಕೂರಿಗೆ ಮೆಟ್ರೊ ಬರಲಿದೆ ಎಂಬ ಮಾತು ಬಡಾವಣೆಗಳ ಜಾಹೀರಾತಿಗೆ ಈಗಿನ ಬಂಡವಾಳ.

ಪರಿಚಯದ ಜಾಲ

ಜಮೀನು ಮಾರಾಟಕ್ಕಿದೆ ಎಂಬ ಸುದ್ದಿ ಪತ್ರಿಕೆಗಿಂತ ಮೊದಲು ಹೋಟೆಲು, ಅಡಿಕೆ ಮಂಡಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಆವರಣದಲ್ಲಿ ಓಡಾಡುತ್ತದೆ. ಊರಿನ ಬ್ರೋಕರ್, ಪತ್ರ ಬರಹಗಾರ, ಪರವಾನಗಿ ಪಡೆದ ಸರ್ವೇಯರ್, ಸಿವಿಲ್ ವಕೀಲ ಈ ಜಾಲದ ಮುಖ್ಯ ಕೊಂಡಿಗಳು. ಇವರಲ್ಲಿ ಬ್ರೋಕರ್‌ಗೆ ಕಮಿಷನ್ ಸಿಗುವುದು ವ್ಯಾಪಾರ ಕುದುರಿದರೆ ಮಾತ್ರ. ಸರ್ವೇಯರ್‌ಗೂ ವಕೀಲರಿಗೂ ಕುದುರದಿದ್ದರೂ ಶುಲ್ಕ ಸಲ್ಲುತ್ತದೆ. ಯಾರ ಮಾತಿಗೆ ಎಷ್ಟು ತೂಕ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾದ ಬಡಾವಣೆಯ ಸೈಟು ಮಾರಿಸುವ ಏಜೆಂಟ್ ತಾನೂ ರೇರಾದಲ್ಲಿ ನೋಂದಾಯಿಸಿಕೊಂಡಿರಬೇಕು.

ಕೈಯಲ್ಲಿ ಹಣ ಕಡಿಮೆ ಇದ್ದು ಪರಿಚಯ ಚೆನ್ನಾಗಿರುವವರು ಪಾಲುದಾರಿಕೆಗೆ ಇಳಿಯುತ್ತಾರೆ. ಜಂಟಿ ಅಭಿವೃದ್ಧಿ ಕರಾರಿನಲ್ಲಿ ಜಮೀನು ರೈತನದು, ಖರ್ಚು ಡೆವಲಪರ್‌ನದು. ಸೈಟುಗಳನ್ನು ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಕ್ಕೆ ಬಿಟ್ಟು ಶೇ 55ರಷ್ಟು ಉಳಿಯಿತೆಂದರೂ 30×40 ಅಳತೆಯ ಸೈಟು ಇಪ್ಪತ್ತನ್ನು ದಾಟದು. ಎಕರೆಗೆ ಮೂವತ್ತು ಸೈಟು ಎನ್ನುವ ನಕ್ಷೆ ಕಂಡರೆ ಅನುಮೋದನೆ ಪತ್ರ ಕೇಳುವುದು ಒಳ್ಳೆಯದು.

ದಾಖಲೆ

ಪಹಣಿಯಲ್ಲಿ ಒಬ್ಬರದೇ ಹೆಸರಿದ್ದ ಮಾತ್ರಕ್ಕೆ ಮಾರುವ ಹಕ್ಕು ಅವರೊಬ್ಬರದೇ ಆಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಹಾಗಾಗಿ ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಅಕ್ಕ–ತಂಗಿಯರ ಸಹಿಯನ್ನೂ ಕ್ರಯಪತ್ರಕ್ಕೆ ಹಾಕಿಸುವುದು ರೂಢಿ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಕೊಂಡಿದ್ದರೆ ಅದು ಮೂಲ ಮಂಜೂರಾತಿದಾರರಿಗೆ ಮರಳಬಹುದು. ಹಾಗೆ ಮರಳಿ ಕೇಳಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ತಡೆ 2020ರಲ್ಲಿ ತೆರವಾಗಿದೆ. ಆದರೆ ಅಲ್ಲಿ ಸೈಟು ಮಾಡಲು ಭೂಪರಿವರ್ತನೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ, ತುಮಕೂರಿನ ಸುತ್ತಲಾದರೆ ಟೂಡಾದ, ಅನುಮೋದನೆ ಬೇಕೇ ಬೇಕು. ಇವೆರಡೂ ಇಲ್ಲದ್ದು ರೆವಿನ್ಯೂ ಸೈಟು. ಅದು ಅಗ್ಗ, ಆದರೆ ಅದಕ್ಕೆ ಬ್ಯಾಂಕ್ ಸಾಲ ಹುಟ್ಟುವುದು ಕಷ್ಟ.

ಹಣ

ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 90ರವರೆಗೆ, 75 ಲಕ್ಷದವರೆಗಿನದು ಶೇ 80ರವರೆಗೆ ಸಿಗಬಹುದು. ಖಾಲಿ ಸೈಟಿಗೆ ಬ್ಯಾಂಕುಗಳು ಇದಕ್ಕಿಂತ ಕಡಿಮೆ ಕೊಡುತ್ತವೆ. ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕೆಂಬ ಷರತ್ತೂ ಇರುತ್ತದೆ. 20 ಲಕ್ಷದ ಸೈಟಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಹಾಗೂ 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಸುಮಾರು ಒಂದೂವರೆ ಲಕ್ಷ ಕೈಯಿಂದಲೇ ಹಾಕಬೇಕು. ಈ ಮೊತ್ತಕ್ಕೂ ಮುಂಗಡಕ್ಕೂ ಹಲವರು ನೆಚ್ಚುವುದು ಚೀಟಿಯನ್ನು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಗಳಿವೆ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ 2015ರಿಂದ ನಿಷೇಧಿಸಿದೆ.

ಸಾಲ ಬೇಡವಾದರೂ ಒಮ್ಮೆ ಬ್ಯಾಂಕಿಗೆ ಅರ್ಜಿ ಹಾಕಿ ನೋಡುವುದು ಜಾಣತನ: ಅದರ ಪ್ಯಾನೆಲ್ ವಕೀಲರು ಮೂಲಪತ್ರಗಳನ್ನೂ ಋಣಭಾರ ಪತ್ರವನ್ನೂ ಓದಿ ಅಭಿಪ್ರಾಯ ಬರೆಯುತ್ತಾರೆ. ಆ ಪತ್ರಗಳಲ್ಲಿ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೂಲಕ ಆದ ಮಾರಾಟ ಕಂಡರೆ ಎಚ್ಚರ: ಅಂಥ ಮಾರಾಟ ಆಸ್ತಿಯ ಹಕ್ಕನ್ನು ವರ್ಗಾಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಕ್ಕಿನ ವರ್ಗಾವಣೆಗೆ ನೋಂದಾಯಿತ ಕ್ರಯಪತ್ರವೇ ಆಗಬೇಕು.