ಅಸರ್ಷನ್ ಮತ್ತು ಅದರ ದೋಷಸಂದೇಶ: ಇತಿಹಾಸ

ಪ್ರೋಗ್ರಾಂ ಓಡುವಾಗ ಒಂದು ಹಂತದಲ್ಲಿ ನಿಜವಾಗಿರಲೇಬೇಕಾದ ಷರತ್ತನ್ನು ಕೋಡಿನಲ್ಲೇ ಬರೆದಿಟ್ಟರೆ ಅದು ಅಸರ್ಷನ್. ಷರತ್ತು ಸುಳ್ಳಾದರೆ ಸಾಮಾನ್ಯವಾಗಿ ಓಟ ಅಲ್ಲಿಗೇ ನಿಂತು ದೋಷಸಂದೇಶ ಕಾಣಿಸುತ್ತದೆ. ಆದರೆ ಅಸರ್ಷನ್ ಹುಟ್ಟಿದ್ದು ಕಾಗದದ ಮೇಲೆ, ಆಗ ಅದಕ್ಕೆ ಸಂದೇಶದ ಹಂಗೇ ಇರಲಿಲ್ಲ.

1947ರಲ್ಲಿ ಗಣಿತಜ್ಞರಾದ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ತಮ್ಮ ಹರಿವುನಕ್ಷೆಗಳಲ್ಲಿ ಇಂಥ ಷರತ್ತುಗಳಿಗೆಂದೇ ಚೌಕಗಳನ್ನು ಇಟ್ಟಿದ್ದರು. 1949ರ ಜೂನ್‌ನಲ್ಲಿ ಅಲನ್ ಟ್ಯೂರಿಂಗ್ ಕೇಂಬ್ರಿಜ್‌ನಲ್ಲಿ ಒಂದು ಪುಟ್ಟ ಪ್ರಬಂಧ ಓದಿದರು. ಗುಣಾಕಾರವಿಲ್ಲದೆ, ಬರೀ ಕೂಡುತ್ತ ಕ್ರಮಗುಣಿತ (ಫ್ಯಾಕ್ಟೋರಿಯಲ್) ಲೆಕ್ಕಹಾಕುವ ಪ್ರೋಗ್ರಾಂ ಅವರ ಉದಾಹರಣೆ. ಒಂದೊಂದಾಗಿ ತಾಳೆ ನೋಡಬಹುದಾದ ಹೇಳಿಕೆಗಳನ್ನು ಬರೆದವನೇ ಕೊಟ್ಟರೆ, ಇಡೀ ಪ್ರೋಗ್ರಾಂ ಸರಿ ಎಂಬುದು ಅವುಗಳಿಂದಲೇ ಸಿದ್ಧವಾಗುತ್ತದೆ ಎಂಬುದು ಅವರ ವಾದ. ಆಗ ಅದಕ್ಕೆ ಕಿವಿಗೊಟ್ಟವರು ಕಡಿಮೆ. ಮುಂದೆ ರಾಬರ್ಟ್ ಫ್ಲಾಯ್ಡ್ (1967) ಮತ್ತು ಟೋನಿ ಹೋರ್ (1969) ಇದೇ ವಿಚಾರಕ್ಕೆ ಗಣಿತದ ಬುನಾದಿ ಹಾಕಿದರು.

ಕಾಗದದಿಂದ ಯಂತ್ರಕ್ಕೆ ಇಳಿದ ಅಸರ್ಷನ್ ಹೆಚ್ಚು ಬಳಕೆಗೆ ಬಂದದ್ದು ಸಿ ಭಾಷೆಯ ‘ಅಸರ್ಟ್’ ಮೂಲಕ. ಸೋತ ಷರತ್ತಿನ ಪಠ್ಯ, ಕಡತದ ಹೆಸರು, ಸಾಲಿನ ಸಂಖ್ಯೆ ಇಷ್ಟನ್ನು ಮುದ್ರಿಸಿ ಪ್ರೋಗ್ರಾಂ ನಿಲ್ಲಬೇಕೆಂದು 1989ರ ಮಾನಕ ವಿಧಿಸಿತು. 1999ರಲ್ಲಿ ಫಂಕ್ಷನ್ನಿನ ಹೆಸರೂ ಸೇರಿತು. ಕೊರತೆ ಇದ್ದದ್ದು ಬೇರೆ ಕಡೆ. ಎಲ್ಲಿ ಸೋತಿತು ಎಂಬುದು ತಿಳಿಯುತ್ತದೆ, ಚರಾಂಶದಲ್ಲಿ ಆಗ ಏನಿತ್ತು ಎಂಬುದು ಮಾತ್ರ ತಿಳಿಯದು. ಬಿಡುಗಡೆಯ ಆವೃತ್ತಿಯಲ್ಲಿ ಅಸರ್ಷನ್‌ಗಳನ್ನು ತೆಗೆದುಹಾಕುವ ಅನುಕೂಲವನ್ನೂ ಸಿ ಕೊಟ್ಟಿತು. ಅಭ್ಯಾಸದಲ್ಲಿ ತಪಾಸಣೆ ಇಟ್ಟುಕೊಂಡು ನಿಜ ಬಳಕೆಯಲ್ಲಿ ಕಿತ್ತುಹಾಕುವುದನ್ನು ಹೋರ್ 1973ರಲ್ಲೇ ಗೇಲಿ ಮಾಡಿದ್ದರು: ನೆಲದ ಮೇಲೆ ತೊಟ್ಟ ಜೀವರಕ್ಷಕ ಕವಚವನ್ನು ಕಡಲಿಗಿಳಿಯುವಾಗ ಕಳಚಿಟ್ಟಂತೆ ಎಂದು.

ಮೌಲ್ಯ ಕಾಣದ ಕೊರತೆಯನ್ನು ತುಂಬಿದ್ದು ಪರೀಕ್ಷಾ ಚೌಕಟ್ಟುಗಳು. ಕೆಂಟ್ ಬೆಕ್ ಸ್ಮಾಲ್‌ಟಾಕ್‌ಗಾಗಿ ಎಸ್‌ಯೂನಿಟ್ ಬರೆದರು. 1997ರಲ್ಲಿ ಎರಿಕ್ ಗಾಮಾ ಜೊತೆ ವಿಮಾನದಲ್ಲಿ ಕೂತು ಜಾವಾದ ಜೆಯೂನಿಟ್‌ಗೆ ರೂಪ ಕೊಟ್ಟರು. ನಿರೀಕ್ಷಿಸಿದ್ದು ಇಷ್ಟು, ಬಂದದ್ದು ಇಷ್ಟು ಎಂದು ಅದು ಎರಡೂ ಮೌಲ್ಯಗಳನ್ನು ತೋರಿಸಿತು. ಸುಳ್ಳಾದ ಅಸರ್ಷನ್ ‘ಫೇಲ್ಯೂರ್’, ಅನಿರೀಕ್ಷಿತ ಅವಘಡ ‘ಎರರ್’ ಎಂದು ಬೇರೆ ಬೇರೆ ಎಣಿಸಿತು. ಇದಕ್ಕೆ ತೆತ್ತ ಬೆಲೆ, ಹೋಲಿಕೆಯ ಬಗೆಗೊಂದರಂತೆ ಬೆಳೆದ ಅಸರ್ಟ್ ಹೆಸರುಗಳ ಉದ್ದ ಪಟ್ಟಿ.

ಪೈಥಾನಿನ ಪರೀಕ್ಷಾ ಚೌಕಟ್ಟಾದ ಪೈಟೆಸ್ಟ್ ಇಂಥ ಪಟ್ಟಿಯ ಬದಲು ಭಾಷೆಯ ಸಾದಾ ಅಸರ್ಟ್ ಅನ್ನೇ ಉಳಿಸಿಕೊಂಡಿತು. ಸೋತ ಷರತ್ತನ್ನು ಮತ್ತೊಮ್ಮೆ ಲೆಕ್ಕ ಹಾಕಿ ಮೌಲ್ಯ ತಿಳಿಯುವುದು ಅದರ ಹಳೆಯ ಕ್ರಮ. ಷರತ್ತಿಗೆ ಪಾರ್ಶ್ವಪರಿಣಾಮವಿದ್ದರೆ ಎರಡನೇ ಉತ್ತರವೇ ಬೇರೆಯಾಗುತ್ತಿತ್ತು. 2011ರಿಂದ ಪರೀಕ್ಷಾ ಕೋಡ್ ಓಡುವ ಮೊದಲೇ ಅದರ ವ್ಯಾಕರಣವೃಕ್ಷವನ್ನು ತಿದ್ದಿ, ನಡುವಿನ ಮೌಲ್ಯಗಳನ್ನೆಲ್ಲ ಹಿಡಿದಿಡುವ ಉಪಾಯ ಬಂತು.

ಅಸರ್ಷನ್ ಸರಿಯಾಗಿ ಸೋಲುತ್ತದೆಯೇ ಎಂದು ಪರೀಕ್ಷಿಸುವುದು ಇನ್ನೂ ತೊಡಕಿನ ಕೆಲಸ, ಸೋತ ಪ್ರೋಗ್ರಾಂ ಪರೀಕ್ಷೆಯನ್ನೂ ಜೊತೆಗೆ ಮುಗಿಸಿಬಿಡುತ್ತದಲ್ಲ. ಪರೀಕ್ಷಾ ಚೌಕಟ್ಟಾದ ಗೂಗಲ್‌ಟೆಸ್ಟ್‌ನ ‘ಡೆತ್ ಟೆಸ್ಟ್’ ಇದಕ್ಕಾಗಿ ಬೇರೊಂದು ಪ್ರಾಸೆಸ್ ಹುಟ್ಟಿಸಿ, ಅದು ಸಾಯುವಾಗ ಹೇಳಿದ್ದನ್ನು ಕೊಟ್ಟ ಮಾದರಿಯೊಂದಿಗೆ ಹೋಲಿಸುತ್ತದೆ. ರಸ್ಟ್ ಭಾಷೆಯ ‘ಶುಡ್ ಪ್ಯಾನಿಕ್’ ಸೂಚನೆಯಾದರೋ ಸಂದೇಶದಲ್ಲಿ ಹೇಳಿದ ತುಣುಕು ಇದ್ದರೆ ಸಾಕೆನ್ನುತ್ತದೆ. ಹೀಗೆ ಮಾದರಿ ಇಲ್ಲವೇ ತುಣುಕನ್ನಷ್ಟೇ ನೋಡುವುದು ವಿವೇಕದ ದಾರಿ: ಇಡೀ ವಾಕ್ಯವನ್ನು ಅಕ್ಷರಶಃ ಹೋಲಿಸುವ ಪರೀಕ್ಷೆ ಒಂದು ಅಲ್ಪವಿರಾಮ ಬದಲಾದರೂ ಮುರಿಯುತ್ತದೆ.